ಹತ್ತುವವರಿಗೆ ದಾರಿ

ಆಗುಂಬೆ ಘಾಟಿಯ ಬುಡದ ಸೋಮೇಶ್ವರದ ಅಂಗಡಿಯಲ್ಲಿ ಬನ್ಸ್ ತಿಂದು, ಚಾ ಕುಡಿದು, ಸೈಕಲ್ಲಿನ ಬಾಟಲಿಗೆ ನೀರು ತುಂಬಿಸಿಕೊಳ್ಳುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಹಿರಿಯರು ಕೇಳಿದರು: ‘ಸೈಕಲ್ಲಗ್ ಘಾಟಿ ಹತ್ತುಕಾತ್ತಾ ಮಾರಾಯ್ರೆ?’ ನಿಧಾನಕ್ಕೆ ಹತ್ತಬಹುದು ಎಂದೆ. ಅವರು ಹಿಂದಿನ ಗಾಲಿಯ ದೊಡ್ಡ ಹಲ್ಲುಚಕ್ರವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಮ್ಮ ಅಪ್ಪಯ್ಯನ ಮಾತು ತೆಗೆದರು. ಅಪ್ಪಯ್ಯ ಘಟ್ಟದ ಮೇಲಿನ ಅಡಿಕೆ ತೋಟಗಳಿಗೆ ಕೆಲಸಕ್ಕೆ ಹೋಗುತ್ತಿದ್ದವರು. ಬೆಳಗಿನ ಜಾವ ಗಂಜಿ ಉಂಡು ಹೊರಟರೆ ಬಿಸಿಲೇರುವುದರೊಳಗೆ ಆಗುಂಬೆ. ರಸ್ತೆಯಲ್ಲಲ್ಲ, ಕಾಡಿನ ಕಾಲುದಾರಿಯಲ್ಲಿ. ‘ಒಳ್ದಾರಿ ಹತ್ರ, ಆರೆ ನೆಟ್ಟಗೆ ಏರು’ ಎಂದರು.

ಆ ಒಂದು ಮಾತನ್ನು ಹಿಡಿದುಕೊಂಡೇ ನಾನು ಪಶ್ಚಿಮ ಘಟ್ಟದ ಘಾಟಿಗಳನ್ನು ಓದಲು ಕಲಿತೆ. ಹತ್ತಿರದ ದಾರಿ ನೆಟ್ಟಗೆ, ಸುಲಭದ ದಾರಿ ದೂರ. ಕರಾವಳಿಯಿಂದ ಮಲೆನಾಡಿಗೆ ಏರಿದ ಕಾಲ್ನಡಿಗೆಯವ, ಹೇರೆತ್ತು, ಗಾಡಿ, ಲಾರಿ, ರೈಲು ಎಲ್ಲವೂ ಈ ಎರಡರ ನಡುವೆ ತಮ್ಮ ಶಕ್ತಿಗೆ ತಕ್ಕ ರಾಜಿಯೊಂದನ್ನು ಮಾಡಿಕೊಂಡಿವೆ. ಕಾರಿನ ಗಾಜಿನಾಚೆ ಈ ರಾಜಿ ಕಾಣುವುದಿಲ್ಲ. ನಡೆದರೆ ಮೊಣಕಾಲಿಗೆ ಗೊತ್ತಾಗುತ್ತದೆ, ತುಳಿದರೆ ತೊಡೆಗೆ.

ಬೈಕ್ ಎಂದರೆ ನಮ್ಮಲ್ಲಿ ಮೋಟಾರ್ ಬೈಕ್. ವಾರಾಂತ್ಯದ ಬೆಳಗ್ಗೆ ಚಾರ್ಮಾಡಿಯಲ್ಲೂ ಆಗುಂಬೆಯಲ್ಲೂ ಅವು ಸಾಲುಸಾಲಾಗಿ ಹೋಗುತ್ತವೆ. ಆ ಸವಾರರ ಸಂತೋಷದ ಬಗ್ಗೆ ನನಗೆ ತಕರಾರಿಲ್ಲ. ನಾನು ಹೇಳಹೊರಟಿರುವುದು ಗಂಟೆಗೆ ಏಳೆಂಟು ಕಿಲೊಮೀಟರಿನ ಲೋಕದ ಬಗ್ಗೆ, ಅಂದರೆ ಏರಿನಲ್ಲಿ ಸೈಕಲ್ ಹೋಗುವ ವೇಗದ ಬಗ್ಗೆ. ಇಳಿಯುವಾಗ ನಡೆಯುವವನ ವೇಗ ಅದಕ್ಕಿಂತ ಬಹಳ ಕಡಿಮೆಯೇನಲ್ಲ.

ಸೋಮೇಶ್ವರದಿಂದ ಆಗುಂಬೆಗೆ 500 ಮೀಟರಿಗೂ ಹೆಚ್ಚು ಏರಬೇಕು. ಆಗುಂಬೆ ಇರುವುದು ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿ. ನನ್ನ ಮೈತೂಕ, ಸೈಕಲ್ಲು, ಚೀಲ, ನೀರು ಎಲ್ಲ ಸೇರಿ 85 ಕಿಲೊ ಎಂದಿಟ್ಟುಕೊಳ್ಳಿ. ಅದನ್ನು 500 ಮೀಟರ್ ಮೇಲೆತ್ತಲು ಬೇಕಾಗುವ ಶಕ್ತಿ ನಾಲ್ಕು ಲಕ್ಷ ಜೌಲ್‌ಗಿಂತ ತುಸು ಹೆಚ್ಚು, ಅಂದರೆ 100 ಕಿಲೊಕ್ಯಾಲರಿ. ನಮ್ಮ ಸ್ನಾಯುಗಳು ತಿಂದದ್ದರಲ್ಲಿ ಕಾಲುಭಾಗವನ್ನು ಮಾತ್ರ ಕೆಲಸಕ್ಕೆ ತಿರುಗಿಸುತ್ತವೆ, ಉಳಿದದ್ದು ಬೆವರು, ಬಿಸಿ. ಹಾಗಾಗಿ ಹೊಟ್ಟೆಯಿಂದ ಖರ್ಚಾಗುವುದು 400 ಕಿಲೊಕ್ಯಾಲರಿ. ಇದನ್ನು ಒಂದು ಗಂಟೆಯಲ್ಲಿ ಮುಗಿಸಿದರೆ ಪೆಡಲಿನ ಮೇಲೆ ಬೀಳುವ ಸಾಮರ್ಥ್ಯ ಸುಮಾರು 115 ವಾಟ್. ಹಳೆಯ ಕಾಲದ 60 ವಾಟಿನ ಎರಡು ಬಲ್ಬುಗಳನ್ನು ಒಂದು ಗಂಟೆ ಉರಿಸುವಷ್ಟು. ಘಟ್ಟವನ್ನೇ ಗೆಲ್ಲುವ ಸಾಹಸವೆಂದು ದೂರದಿಂದ ಕಾಣುವುದು ಲೆಕ್ಕ ಹಾಕಿದರೆ ಎರಡು ಬಲ್ಬುಗಳ ಬೆಳಕು. ಆರೋಗ್ಯವಂತರಾದ ಯಾರ ಕಾಲಿಗೂ ಅದು ನಿಲುಕುತ್ತದೆ. ಅವಸರ ಮಾಡಬಾರದು, ಅಷ್ಟೇ.

ಅವಸರ ಮಾಡಬಾರದೆಂದೇ ರಸ್ತೆಗೆ ತಿರುವುಗಳನ್ನು ಕೊಟ್ಟಿರುವುದು. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಕಾಲುದಾರಿ ನೂರು ಹೆಜ್ಜೆಗೆ ಮೂವತ್ತು ಹೆಜ್ಜೆ ಮೇಲೇರಿಸುವ ಕಡೆಯಲ್ಲಿ ರಸ್ತೆ ಅದೇ ಎತ್ತರವನ್ನು ನಾಲ್ಕೈದು ಪಟ್ಟು ಉದ್ದಕ್ಕೆ ಎಳೆದು, ಮಡಚಿ, ಅದೇ ಗುಡ್ಡದ ಮೈಯಲ್ಲಿ ಜೋಡಿಸುತ್ತದೆ. ಸೀರೆಯ ನೆರಿಗೆಯ ಹಾಗೆ. ಪ್ರತಿ ನೆರಿಗೆಯ ಒಳಮಗ್ಗುಲು ಬಿಗಿ, ಹೊರಮಗ್ಗುಲು ಸಡಿಲ. ಎಡಬದಿಯಲ್ಲಿ ಸಾಗುವ ನಾವು ಎಡಕ್ಕೆ ಹೊರಳುವ ತಿರುವಿನಲ್ಲಿ ಒಳಮಗ್ಗುಲಿಗೆ ಸಿಕ್ಕಿಕೊಳ್ಳುತ್ತೇವೆ. ಅಲ್ಲಿ ಏರು ಒಮ್ಮೆಗೇ ಗೋಡೆಯಾಗುತ್ತದೆ. ಬಲಕ್ಕೆ ಹೊರಳುವಾಗ ಹೊರಮಗ್ಗುಲು, ಅಲ್ಲಿ ಉಸಿರು ತೆಗೆದುಕೊಳ್ಳಬಹುದು. ಹದಿನಾಲ್ಕೂ ಮುಗಿಯುವ ಹೊತ್ತಿಗೆ ಇದು ತೊಡೆಗೆ ಬಾಯಿಪಾಠವಾಗಿರುತ್ತದೆ.

ಇಕ್ಕಟ್ಟಿನ ಈ ತಿರುವುಗಳಲ್ಲಿ ದೊಡ್ಡ ಲಾರಿಗಳಿಗೆ ಎಡೆಯಿಲ್ಲ, ಓಡುವುದು ಮಿನಿ ಬಸ್ಸುಗಳು. ಒಂಬತ್ತನೆಯದೋ ಹತ್ತನೆಯದೋ ತಿರುವಿನಲ್ಲಿ ಮೇಲಿನಿಂದ ಇಳಿಯುತ್ತಿದ್ದ ಬಸ್ಸು ತಾನಾಗಿ ನಿಂತಿತು. ಡ್ರೈವರ್ ಕೈ ಹೊರಹಾಕಿ ‘ಹೋಗಿ ಹೋಗಿ’ ಎಂದು ಸನ್ನೆ ಮಾಡಿದರು. ಬೆಟ್ಟದ ರಸ್ತೆಯಲ್ಲಿ ಎರಡು ವಾಹನ ಒಟ್ಟಿಗೆ ಹಾಯಲು ಜಾಗವಿಲ್ಲದಿದ್ದರೆ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕು ಎಂಬುದು ನಮ್ಮ ಸಂಚಾರ ನಿಯಮದಲ್ಲೇ ಇದೆ. ನಿಯಮಕ್ಕಿಂತ ಹಳೆಯ ಕಾರಣ ಅದರ ಹಿಂದಿದೆ: ಏರಿನಲ್ಲಿ ಒಮ್ಮೆ ನಿಂತ ಹೇರು ಮತ್ತೆ ಕದಲುವುದು ಕಷ್ಟ. ಸೈಕಲ್ಲಿಗೂ ಆ ಗೌರವ ಸಿಕ್ಕಿತಲ್ಲ ಎಂದು ಆ ಬೆಳಗ್ಗೆ ನನಗೆ ಬಹಳ ಸಂತೋಷವಾಯಿತು.

ಆಗುಂಬೆ ತಲುಪಿದ ಮೇಲೆ ಕಾದಿರುವುದು ಒಂದು ಅಚ್ಚರಿ. ಇಳಿಜಾರೇ ಇಲ್ಲ! ಹಿಮಾಲಯದ ಕಣಿವೆದಾರಿಗಳಲ್ಲಿ ಎರಡು ಶಿಖರಗಳ ನಡುವಿನ ತಗ್ಗಿಗೆ ಏರಿ, ಆಚೆ ಬದಿಗೆ ಇಳಿಯುತ್ತಾರೆ. ನಮ್ಮ ಘಾಟಿ ಹಾಗಲ್ಲ. ಏರು ಮುಗಿದರೆ ಅಲ್ಲೊಂದು ಊರು, ಗದ್ದೆ, ಬಸ್ ನಿಲ್ದಾಣ. ಮುಂದೆ ತೀರ್ಥಹಳ್ಳಿಯವರೆಗೆ ಅಲೆಯಲೆಯಾದ ನೆಲ. ಘಟ್ಟವೆಂದರೆ ಮೆಟ್ಟಿಲು. ಕೆಳಗಿನಿಂದ ನೋಡಿದವರಿಗೆ ಬೆಟ್ಟ, ಮೇಲಿನವರಿಗೆ ತಮ್ಮ ನೆಲದ ಅಂಚು. ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’ ಎಂದು ನಮ್ಮವರು ಹೇಳುತ್ತಾರೆಯೇ ಹೊರತು ‘ಘಟ್ಟದ ಆಚೆ’ ಎನ್ನುವುದು ಕಡಿಮೆ. ಭೂವಿಜ್ಞಾನ ಹೇಳುವುದೂ ಅದನ್ನೇ.

ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಕಿತ್ತುಕೊಂಡು ದೂರ ಸರಿಯಿತು. ಮುರಿದ ಅಂಚು ಎತ್ತರಕ್ಕೆದ್ದು ನಿಂತಿತು, ಹಿಂದಿನ ಪ್ರಸ್ಥಭೂಮಿ ನಿಧಾನವಾಗಿ ಪೂರ್ವಕ್ಕೆ ವಾಲಿತು. ಪೂರ್ವಕ್ಕೆ ಹರಿಯುವ ನದಿಗಳಿಗೆ ಇಡೀ ಪರ್ಯಾಯದ್ವೀಪದ ಅಗಲಕ್ಕೂ ಪಯಣ, ಪಶ್ಚಿಮದವಕ್ಕೆ ಒಂದೇ ನೆಗೆತ. ಹಾಗೆ ನೆಗೆಯುವ ನೀರಿಗೆ ಕೊರೆಯುವ ಬಲ ಹೆಚ್ಚು. ಅವು ಅಂಚನ್ನು ಕೊರೆಯುತ್ತ, ಕಲ್ಲು ಉರುಳಿಸುತ್ತ, ಗೋಡೆಯನ್ನು ಒಂದಿಷ್ಟೊಂದಿಷ್ಟೇ ಪೂರ್ವಕ್ಕೆ ಸರಿಸುತ್ತ ಬಂದಿವೆ. ಈ ಕೆಲಸ ಇನ್ನೂ ಮುಗಿದಿಲ್ಲ. ಘಾಟಿ ರಸ್ತೆಗಳಲ್ಲಿ ಹೆಚ್ಚಿನವು ಹೊಳೆಗಳು ಕೊರೆದ ಇಂಥ ಬಿರುಕುಗಳ ಅಂಚಿನಲ್ಲೇ ಏರುತ್ತವೆ. ದಾರಿಯನ್ನು ಮೊದಲು ಹುಡುಕಿದ್ದು ನೀರು.

ಆಗುಂಬೆಯ ಸುತ್ತಲ ಮಳೆ ಎರಡಾಗಿ ಹಂಚಿಹೋಗುತ್ತದೆ. ಅಂಚಿನ ಈಚೆಗೆ ಬಿದ್ದ ಹನಿ ಸೀತಾನದಿಗೆ ಸೇರಿ, ಸೋಮೇಶ್ವರದ ಕಾಡು ಹಾದು, ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಅರಬ್ಬೀ ಸಮುದ್ರ ಕಾಣುತ್ತದೆ. ಕೂಗಳತೆ ದೂರದಲ್ಲಿ ಬಿದ್ದ ಇನ್ನೊಂದು ಹನಿ ಮಾಲತಿ ಹೊಳೆಗೆ ಸಿಕ್ಕಿದರೆ ತುಂಗೆ, ಕೂಡಲಿಯಲ್ಲಿ ಭದ್ರೆ, ಹಂಪಿ, ಕೃಷ್ಣೆ, ಕೊನೆಗೆ ಆಂಧ್ರದ ಕರೆಯಲ್ಲಿ ಬಂಗಾಳ ಕೊಲ್ಲಿ. ಈ ಹಂಚಿಕೆಯ ಗೆರೆಯ ಮೇಲೆ ಸೈಕಲ್ ನಿಲ್ಲಿಸಿ ನೀರು ಕುಡಿಯುವಾಗ ಒಂದು ಕ್ಷಣ ಮೈ ಜುಮ್ಮೆನ್ನುತ್ತದೆ. ಬಿಸಿಲೆ ಘಾಟಿಯ ಮೇಲುಗಡೆ ಮಂಕನಹಳ್ಳಿಯ ಬಳಿ ಇಂಥದೇ ಗೆರೆಯನ್ನು ಗುರುತಿಸುವ ಕಲ್ಲೊಂದಿದೆ. ಒಂದು ಮಗ್ಗುಲು ಕುಮಾರಧಾರೆಯ ಕಡೆಗೆ, ಇನ್ನೊಂದು ಹೇಮಾವತಿಯ ಕಡೆಗೆ.

ಮಳೆಯನ್ನು ಇಲ್ಲಿಗೆ ಕರೆತರುವುದೂ ಈ ಮೆಟ್ಟಿಲೇ. ಸಮುದ್ರದಿಂದ ಬಂದ ಹಸಿಗಾಳಿ ಗೋಡೆಗೆ ತಾಗಿ ಮೇಲೇರಬೇಕು. ಮೇಲೇರಿದ ಗಾಳಿ ಹಿಗ್ಗಿ ತಣಿಯುತ್ತದೆ, ತಣಿದ ಗಾಳಿಗೆ ನೀರು ಹೊರುವ ಕಸುವಿಲ್ಲ. ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಸುರಿದರೆ ಆಗುಂಬೆಯಲ್ಲಿ 7,000 ದಾಟುತ್ತದೆ. ಅಲ್ಲಿಂದ ರಸ್ತೆಯಲ್ಲಿ ಸುಮಾರು 90 ಕಿಲೊಮೀಟರ್ ಈಶಾನ್ಯಕ್ಕೆ ಹೋದರೆ ಶಿವಮೊಗ್ಗದಲ್ಲಿ ಒಂದು ಸಾವಿರವೂ ಇಲ್ಲ. ಸೈಕಲ್ಲಿನಲ್ಲಿ ಎರಡು ದಿನ ಸಾವಕಾಶವಾಗಿ ಹೋದವರಿಗೆ ಈ ಅಂಕಿಗಳು ಪುಸ್ತಕದಲ್ಲಿ ಬೇಕಿಲ್ಲ. ಮಾಡಿನ ಇಳಿಜಾರು ಮೆಲ್ಲಗೆ ಕಡಿಮೆಯಾಗುತ್ತ ಹೋಗುತ್ತದೆ. ಮರದ ಕಾಂಡದ ಪಾಚಿ ತೆಳುವಾಗುತ್ತದೆ. ತೀರ್ಥಹಳ್ಳಿ ದಾಟಿ ಮಂಡಗದ್ದೆಯ ಕಾಡು ಮುಗಿಯುವ ಹೊತ್ತಿಗೆ ಬಾಯಿ ಒಣಗಲು ಶುರುವಾಗುತ್ತದೆ.

ಆ ರಸ್ತೆಯಲ್ಲೇ ಮೇಗರವಳ್ಳಿ ಸಿಗುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಆ ಹೆಸರು ಹೊಸತಲ್ಲ. 1967ರಲ್ಲಿ ಅಚ್ಚಾದ ಆ ಕಾದಂಬರಿಯಲ್ಲಿ ಮಲೆನಾಡಿಗೆ ಮೊದಲ ಬೈಸಿಕಲ್ ಬರುತ್ತದೆ, ಜನರ ಬಾಯಲ್ಲಿ ಅದು ‘ಬೀಸೆಕಲ್ಲು’ ಆಗುತ್ತದೆ. ರಸ್ತೆಯೇ ಸರಿಯಾಗಿಲ್ಲದ ಕಾಡಿನೂರಿಗೆ ಎರಡು ಗಾಲಿಯ ವಸ್ತುವೊಂದು ಬಂದಾಗ ಜನ ಬಾಯಿ ತೆರೆದು ನಿಂತದ್ದನ್ನು ಓದುವಾಗಲೆಲ್ಲ ನನಗನಿಸುವುದುಂಟು: ಗಾಲಿ ಘಟ್ಟಕ್ಕೆ ಬಂದದ್ದು ತೀರ ಇತ್ತೀಚೆಗೆ. ಅದಕ್ಕೂ ಮೊದಲಿನ ಶತಮಾನಗಳೆಲ್ಲ ಕಾಲು ಮತ್ತು ಗೊರಸುಗಳವು.

ಎತ್ತಿನ ಬೆನ್ನಿಗೆ ಎರಡೂ ಮಗ್ಗುಲು ತೂಗುವ ಹೇರು. ಕೆಳಗಿನಿಂದ ಉಪ್ಪು, ಒಣಮೀನು, ತೆಂಗಿನಕಾಯಿ. ಮೇಲಿನಿಂದ ಅಕ್ಕಿ, ಅಡಿಕೆ, ಮೆಣಸು. ಗಾಡಿಗೆ ಬೇಕಾದ ಅಗಲವೂ ಹದವಾದ ಏರೂ ಹೇರೆತ್ತಿಗೆ ಬೇಕಿಲ್ಲ, ಗೊರಸು ಊರಲು ಜಾಗವಿದ್ದರೆ ಸಾಕು. ಅದಕ್ಕೇ ಹಳೆಯ ದಾರಿಗಳು ಹೊಳೆಯ ಬಿರುಕಿನಲ್ಲಿ ನೇರ ಏರುತ್ತಿದ್ದವು. ಜಾರುವ ಕಡೆ ಕಲ್ಲು ಹಾಸಿ, ದಣಿಯುವ ಕಡೆ ಹೊರೆ ಇಳಿಸಲು ಕಟ್ಟೆ. ಇಂಥ ಹಾಸುಗಲ್ಲಿನ ತುಣುಕುಗಳು ಕಾಡಿನೊಳಗೆ ಇಂದಿಗೂ ಅಲ್ಲಲ್ಲಿ ಸಿಗುತ್ತವೆ. ಎಲೆ ಸರಿಸಿದರೆ ನಡು ಸವೆದ ಕಲ್ಲು. ಆ ಸವೆತದ ಮೇಲೆ ಅಂಗೈಯಿಟ್ಟು ನೋಡಬೇಕು.

ಈ ದಾರಿಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯದು ಗೇರುಸೊಪ್ಪೆಯದು. ಹೊನ್ನಾವರದಿಂದ ಶರಾವತಿಯ ಮೇಲೆ ದೋಣಿ ಹೋಗುವಷ್ಟು ದೂರ ಹೋಗಿ, ದೋಣಿ ನಿಂತಲ್ಲಿಂದ ಘಟ್ಟ ಹತ್ತುವುದು ಹಳೆಯ ಪದ್ಧತಿ. 16ನೇ ಶತಮಾನದಲ್ಲಿ ಇಲ್ಲಿ ರಾಣಿ ಚೆನ್ನಭೈರಾದೇವಿ ಆಳುತ್ತಿದ್ದಳು. ಘಟ್ಟದ ಮೆಣಸು ಅವಳ ಊರಿನ ಮೂಲಕವೇ ಹಡಗಿಗೆ ಹೋಗಬೇಕಿದ್ದರಿಂದ ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. 1623ರಲ್ಲಿ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯ ರಾಯಭಾರಿಯೊಬ್ಬನ ಜೊತೆಗೂಡಿ ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕಾಣಲು ಈ ದಾರಿಯಲ್ಲೇ ಹೋದ. ಅಷ್ಟು ಹೊತ್ತಿಗೆ ಗೇರುಸೊಪ್ಪೆಯ ಅರಮನೆ ಬಿದ್ದು, ಮರಗಳು ಬೆಳೆದು ನಿಂತಿದ್ದವು. ಬೆಟ್ಟಸಾಲನ್ನು ಅವನು ‘ಗಾಟ್’ ಎಂದೇ ಬರೆದುಕೊಂಡ, ತನ್ನ ದೇಶದ ಅಪೆನ್ನೈನ್ ಸಾಲಿಗೆ ಹೋಲಿಸಿದ.

ಅವನ ಪತ್ರದಲ್ಲಿ ನಾನು ಮತ್ತೆ ಮತ್ತೆ ಮರಳುವ ಸಂಗತಿ ಬೆಟ್ಟದ್ದಲ್ಲ. ಘಟ್ಟದ ಹಾದಿಯಲ್ಲಿ ಹೊರೆಗಳನ್ನು ಸರಿಮಾಡಿಕೊಳ್ಳುವವರೆಗೆ ಅವನು ಒಂದು ಗುಡಿಯ ಜಗಲಿಯಲ್ಲಿ ಕುಳಿತಿದ್ದ. ಅಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಒಬ್ಬ ಪಾಠವನ್ನು ರಾಗವಾಗಿ ಹೇಳುತ್ತ ನೆಲಕ್ಕೆ ಹರಡಿದ ನಯವಾದ ಮರಳಿನ ಮೇಲೆ ಬೆರಳಿನಿಂದ ಬರೆಯುವುದು, ಉಳಿದವರು ಹಾಗೇ ಹಾಡಿ ಹಾಗೇ ಬರೆಯುವುದು. ಜಾಗ ತುಂಬಿದರೆ ಅಳಿಸಿ ಹೊಸ ಮರಳು ಎರಚುವುದು. ಕಾಗದ ಬೇಡ, ಮಸಿ ಬೇಡ. ಗುರುವೂ ಇಲ್ಲದೆ ಒಬ್ಬರಿಗೊಬ್ಬರು ಕಲಿಸಿಕೊಳ್ಳುವುದನ್ನು ಕಂಡು ಅವನು ಬೆರಗಾಗಿ, ವಿವರವಾಗಿ ಬರೆದಿಟ್ಟ. ನಾಲ್ಕು ಶತಮಾನದ ಹಿಂದೆ ನಮ್ಮ ಊರಿನ ಮಕ್ಕಳು ಮಗ್ಗಿ ಕಲಿಯುತ್ತಿದ್ದ ರೀತಿ ನಮಗೆ ಸಿಕ್ಕಿರುವುದು, ಘಟ್ಟದ ನಡುವೆ ಪ್ರಯಾಣಿಕನೊಬ್ಬ ಕಾಯಬೇಕಾಗಿ ಬಂದದ್ದರಿಂದ. ನಿಧಾನದ ದಾರಿ ಕೊಡುವುದು ಇಂಥವನ್ನು.

ಇಂದಿನ ಹೆದ್ದಾರಿ ಅವನು ಹೋದ ಜಾಡಿನಲ್ಲೇ ಇಲ್ಲ. ಆದರೆ ಗೇರುಸೊಪ್ಪೆಯಿಂದ ಮಾವಿನಗುಂಡಿಯ ಕಡೆಗೆ ಏರುವ ಮಲೆಮನೆ ಘಾಟಿಯಲ್ಲಿ ಸೈಕಲ್ ತುಳಿದವರು ಕತ್ತಲೆಕಾನನ್ನು ಮರೆಯಲಾರರು. ಹೆಸರೇ ಹೇಳುವಂತೆ ನಡುಹಗಲಲ್ಲೂ ಬೆಳಕು ಸೋರಿಬರುವ ಕಾಡು. ಇಲ್ಲಿ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ನೀರು ನಿಲ್ಲುವ ಕೆಸರಿನಲ್ಲಿ ರಾಮಪತ್ರೆ ಜಾತಿಯ ಮರಗಳು ನಿಂತಿರುತ್ತವೆ. ಕೆಸರಿನೊಳಗೆ ಬೇರಿಗೆ ಉಸಿರಾಡಲು ಗಾಳಿ ಸಿಗದು. ಅದಕ್ಕೇ ಬೇರುಗಳು ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗಿಳಿಯುತ್ತವೆ. ಹೂಬಿಡುವ ಗಿಡಗಳ ಅತಿ ಹಳೆಯ ಕವಲೊಂದರ ಸಂತತಿ ಈ ಮರಗಳು. 2000ದಲ್ಲಿ ವಿಜ್ಞಾನಕ್ಕೆ ಹೊಸದಾದ ಮರವೊಂದನ್ನು ಇಲ್ಲಿಂದ ವಿವರಿಸಿದಾಗ ಅದರ ಹೆಸರಿನಲ್ಲೇ ಕತ್ತಲೆಕಾನನ್ನು ಸೇರಿಸಿದರು: ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್, ಗೇರು–ಮಾವಿನ ಕುಟುಂಬದ್ದು. ಹೆದ್ದಾರಿಯ ಬದಿಯ ಕಾಡಿನಲ್ಲಿ, ಲಾರಿಗಳ ಸದ್ದಿನ ಅಳತೆಯೊಳಗೆ ಅಂಥ ಮರವೊಂದು ಅಷ್ಟು ಕಾಲ ಹೆಸರಿಲ್ಲದೆ ನಿಂತಿತ್ತು. ಸಿಂಗಳೀಕಗಳು ಈ ಕಾಡಿನ ಮೇಲ್ಛಾವಣಿಯಲ್ಲೇ ಓಡಾಡುತ್ತವೆ. ಅವು ನೆಲಕ್ಕಿಳಿಯುವುದು ಅಪರೂಪ. ರಸ್ತೆಯ ಎರಡೂ ಬದಿಯ ಮರಗಳ ಕೊಂಬೆ ಕೂಡಿಕೊಂಡಿದ್ದರೆ ಮಾತ್ರ ಅವಕ್ಕೆ ದಾಟು. ರಸ್ತೆ ಅಗಲೀಕರಣದ ನಕಾಶೆಯಲ್ಲಿ ಎರಡೂ ಬದಿಗೆ ಕೆಲವೇ ಮೀಟರ್ ಎಂದು ಬರೆಯುವುದು ಸಿಂಗಳೀಕದ ಲೆಕ್ಕದಲ್ಲಿ ಮುರಿದುಬಿದ್ದ ಸೇತುವೆ.

ರೈಲಿನ ಕತೆ ಬೇರೆ. ರಸ್ತೆ ನೂರಕ್ಕೆ ಐದಾರು, ಇಕ್ಕಟ್ಟಿನಲ್ಲಿ ಎಂಟೊಂಬತ್ತರ ಏರನ್ನು ಒಪ್ಪುತ್ತದೆ. ಕಬ್ಬಿಣದ ಮೇಲೆ ಜಾರುವ ಕಬ್ಬಿಣದ ಗಾಲಿಗೆ ಅದು ಸಾಧ್ಯವಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಹಳಿಯ ಇಳಿಜಾರು 50ಕ್ಕೆ ಒಂದು, ಅಂದರೆ ನೂರಕ್ಕೆ ಎರಡು. ಅಷ್ಟು ಮೆಲ್ಲಗೆ ಇಳಿಯಲು ಗುಡ್ಡವನ್ನೇ ತೂರಬೇಕಾಯಿತು: ಐವತ್ತಕ್ಕೂ ಹೆಚ್ಚು ಸುರಂಗ, ನೂರಕ್ಕೂ ಹೆಚ್ಚು ಸೇತುವೆ. 1979ರಲ್ಲಿ ಮೀಟರ್ ಗೇಜ್ ಓಡಿತು, ನಂತರ ಗೇಜ್ ಬದಲಾವಣೆಗೆಂದು ವರ್ಷಗಟ್ಟಲೆ ನಿಂತು, 2007ರಲ್ಲಿ ಪ್ರಯಾಣಿಕರ ರೈಲು ಮತ್ತೆ ಬಂತು. ನಡುವಿನ ಆ ಬಿಡುವಿನಲ್ಲಿ ಹಳಿಯ ಮೇಲೆ ನಡೆದವರ ಅನುಭವಗಳು ಚಾರಣಿಗರ ನಡುವೆ ಈಗಲೂ ಓಡಾಡುತ್ತಿವೆ. ಅವನ್ನು ಕೇಳಿ ಈಗ ಯಾರೂ ಅಲ್ಲಿಗೆ ಹೋಗಬಾರದು. ಹಳಿಯ ಮೇಲೆ ನಡೆಯುವುದು ಅಪರಾಧ. ಸುರಂಗದೊಳಗೆ ರೈಲು ಬಂದರೆ ಸರಿಯಲು ಜಾಗವೂ ಇಲ್ಲ. ರೈಲಿನ ಕಿಟಕಿಯೇ ಸಾಕು.

ನಡೆಯುವುದಾದರೆ ಚಾರ್ಮಾಡಿಗೆ ಬನ್ನಿ, ಅದೂ ಶಿವರಾತ್ರಿಯ ಮುಂಚಿನ ವಾರದಲ್ಲಿ.

ಮಹಾಶಿವರಾತ್ರಿಗೆ ಧರ್ಮಸ್ಥಳ ತಲುಪಲೆಂದು ಬೆಂಗಳೂರು, ತುಮಕೂರು, ಹಾಸನ, ಚಿಕ್ಕಮಗಳೂರು ಕಡೆಗಳಿಂದ ಸಾವಿರಾರು ಮಂದಿ ನಡೆದು ಬರುತ್ತಾರೆ. ಶಿರಾಡಿ ಘಾಟಿಯಲ್ಲೂ ಬರುತ್ತಾರೆ, ಚಾರ್ಮಾಡಿಯಲ್ಲೂ ಬರುತ್ತಾರೆ. ತಲೆಗೆ ಟವೆಲ್, ಬೆನ್ನಿಗೆ ಸಣ್ಣ ಚೀಲ, ಕೆಲವರ ಕಾಲಲ್ಲಿ ಚಪ್ಪಲಿಯೂ ಇಲ್ಲ. ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ, ಕಲ್ಲಂಗಡಿ ಹೋಳು, ಊಟ. ಕೊಡುವವರು ಕೈಹಿಡಿದು ನಿಲ್ಲಿಸಿ ಕೊಡುತ್ತಾರೆ. ರಸ್ತೆಯನ್ನು ವಾಹನಗಳಿಗೆ ಬಿಟ್ಟುಕೊಟ್ಟ ಈ ಕಾಲದಲ್ಲಿ ವರ್ಷಕ್ಕೊಮ್ಮೆ ಘಾಟಿಯೊಂದು ಮತ್ತೆ ಕಾಲುಗಳ ವಶಕ್ಕೆ ಬರುವುದನ್ನು ನೋಡಬೇಕೆಂದು ನಾನೂ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಅವರ ಜೊತೆ ಹೊರಟೆ.

ಕೊಟ್ಟಿಗೆಹಾರದಿಂದ ಕೆಳಗಿನ ಚಾರ್ಮಾಡಿ ಊರಿಗೆ ಸುಮಾರು 25 ಕಿಲೊಮೀಟರ್. ನಸುಕಿನಲ್ಲಿ ಮಂಜು ರಸ್ತೆಯ ಮೇಲೆಯೇ ಮಲಗಿರುತ್ತದೆ. ಮುಂದಿನವರ ಬೆನ್ನು ಕಾಣದು, ಮಾತು ಮಾತ್ರ ಕೇಳುತ್ತದೆ. ಹಾಸನದ ಕಡೆಯ ಒಬ್ಬ ಅಜ್ಜಿ ಮೊಮ್ಮಗನ ಹೆಗಲು ಹಿಡಿದು ನಡೆಯುತ್ತಿದ್ದರು. ಇಳಿಜಾರಲ್ವಾ ಅಜ್ಜಿ, ಇನ್ನು ಸುಲಭ ಎಂದೆ. ‘ಹತ್ತೋದು ಕಷ್ಟ ಅಲ್ಲ ಕಣಪ್ಪ, ಇಳಿಯೋದೇ ಕಷ್ಟ. ನಾಳೆ ಗೊತ್ತಾಯ್ತದೆ’ ಎಂದರು.

ಅಜ್ಜಿಯ ಮಾತು ಅಕ್ಷರಶಃ ನಿಜ. ಏರುವಾಗ ತೊಡೆಯ ಸ್ನಾಯು ಕುಗ್ಗುತ್ತ ಬಲ ಕೊಡುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಿರುವಾಗಲೇ ಮೈಭಾರವನ್ನು ತಡೆಹಿಡಿಯಬೇಕು. ಒಂದೊಂದು ಹೆಜ್ಜೆಯೂ ಒಂದು ಬ್ರೇಕು. ಉಸಿರು ಏರುವುದಿಲ್ಲ, ಹಾಗಾಗಿ ದಣಿವಾದದ್ದು ತಿಳಿಯುವುದಿಲ್ಲ. ಆದರೆ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ಹರಕುಗಳಾಗಿರುತ್ತವೆ. ನೋವು ಬರುವುದು ಮರುದಿನ, ಅದರ ಮರುದಿನ. ಹಳಬರು ಕೋಲು ಹಿಡಿಯುವುದು, ಅಗಲ ರಸ್ತೆಯಲ್ಲಿ ಅಡ್ಡಡ್ಡ ಓರೆಯಾಗಿ ಇಳಿಯುವುದು ಇದಕ್ಕೇ. ಅವರೂ ನೆರಿಗೆ ಹಾಕುತ್ತಿದ್ದಾರೆ, ರಸ್ತೆ ಮಾಡಿದ ಕೆಲಸವನ್ನೇ ಪಾದದ ಅಳತೆಗೆ.

ಸೈಕಲ್ಲಿಗೂ ಇಳಿಜಾರೇ ಪರೀಕ್ಷೆ. ಆಗುಂಬೆಯಲ್ಲಿ ಏರುವಾಗ ಕೂಡಿಟ್ಟ ನಾಲ್ಕು ಲಕ್ಷ ಜೌಲ್ ಇಳಿಯುವಾಗ ಎಲ್ಲಿಗಾದರೂ ಹೋಗಲೇಬೇಕು. ಅಷ್ಟನ್ನೂ ಬ್ರೇಕೇ ನುಂಗಿದರೆ ಒಂದೂಕಾಲು ಲೀಟರ್ ತಣ್ಣೀರು ಕುದಿಯಲು ಸಾಕಾಗುವಷ್ಟು ಶಾಖ. ಬ್ರೇಕನ್ನು ಒತ್ತಿ ಹಿಡಿದೇ ಇಳಿದರೆ ರಬ್ಬರ್ ಮೆತ್ತಗಾಗಿ ಹಿಡಿತ ತಪ್ಪುತ್ತದೆ, ಗಾಲಿಯ ಅಂಚು ಕಾದು ಟ್ಯೂಬ್ ಒಡೆಯಲೂಬಹುದು. ತಿರುವಿಗೆ ಮೊದಲೇ ಎರಡೂ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಟ್ಟು, ತಣಿಯಲು ಕೊಟ್ಟು, ಮತ್ತೆ ಒತ್ತಬೇಕು. ಒದ್ದೆಯಿದ್ದರೆ ಇದೆಲ್ಲ ಇಮ್ಮಡಿ ಎಚ್ಚರದಲ್ಲಿ. ನನ್ನನ್ನು ಕೇಳಿದರೆ ಮಳೆಗಾಲದಲ್ಲಿ ಸೈಕಲ್ ಬೇಡ. ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಸಾಕಷ್ಟು ಬೆಳಗುಗಳಿವೆ. ಕಾಡಿನೊಳಗೆ ಕಾಲಿಡುವವರು ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದುಕೊಳ್ಳಬೇಕು. ಮಳೆ ಮುಗಿದ ಹೊಸತರಲ್ಲಿ ಇಂಬಳಗಳಿರುತ್ತವೆ. ಉಪ್ಪಿನ ಗಂಟು ಸಾಕು, ಹೆದರುವುದೇನೂ ಬೇಡ.

ಚಾರ್ಮಾಡಿಯ ತಿರುವುಗಳಲ್ಲಿ ನಡೆಯುವಾಗ ಎಡಕ್ಕೂ ಬಲಕ್ಕೂ ನೋಡುತ್ತಿರಬೇಕು. ಒಂದು ಕಡೆ ನೋಟ ತೆರೆಯುತ್ತದೆ: ಮಡಿಕೆ ಮಡಿಕೆಯಾಗಿ ಇಳಿದ ಹಸಿರು, ಆಚೆ ಬಂಡೆಯ ನೆತ್ತಿಗಳು. ಇನ್ನೊಂದು ಕಡೆ, ಅಂದರೆ ಗುಡ್ಡ ಕಡಿದ ಬದಿಯಲ್ಲಿ, ಓದುವವರಿಗೆ ಪುಸ್ತಕ ತೆರೆದಿದೆ. ತಳದಲ್ಲಿ ಗಟ್ಟಿ ಬಂಡೆ. ಅದರ ಮೇಲೆ ಅದೇ ಬಂಡೆ ಕೊಳೆತು ಮೆತ್ತಗಾದ ಪದರ. ಅದರ ಮೇಲೆ ಕೆಂಪು ಮಣ್ಣು, ಬೇರು, ಕಾಡು. ಮಳೆಯ ನೀರು ಮಣ್ಣಿನಲ್ಲಿ ಇಂಗಿ ಬಂಡೆಯ ಮೇಲ್ಮೈಯಲ್ಲಿ ಹರಿಯುತ್ತದೆ. ಗುಡ್ಡದ ಬುಡ ಗಟ್ಟಿಯಿರುವವರೆಗೆ ಆ ಭಾರ ನಿಂತಿರುತ್ತದೆ. ರಸ್ತೆಗೆಂದು ಬುಡವನ್ನು ನೆಟ್ಟಗೆ ಕತ್ತರಿಸಿದರೆ ಒರಗಲು ಏನೂ ಉಳಿಯುವುದಿಲ್ಲ. ಬದಿಯ ಚರಂಡಿ ಕಟ್ಟಿಕೊಂಡು, ಮೋರಿಯ ಬಾಯಿ ಮುಚ್ಚಿಹೋಗಿ ನೀರು ಒಳಗೇ ತುಂಬಿದರೆ ಮಣ್ಣಿನ ಕಣಕಣಗಳ ನಡುವಿನ ಹಿಡಿತವೂ ಸಡಿಲ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿಯಲ್ಲಿ ಹೀಗೆ ಅನೇಕ ಕಡೆ ಗುಡ್ಡ ಜಾರಿತು, ರಸ್ತೆ ಕುಸಿಯಿತು, ಸಂಚಾರ ನಿಂತೇಹೋಯಿತು. ಹಿಂದಿನ ವರ್ಷ ಕೊಡಗು. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರು, ಅಲ್ಲಿ ಜೀವಗಳೇ ಹೋದವು.

ಮಳೆಯನ್ನು ದೂರಿ ಪ್ರಯೋಜನವಿಲ್ಲ. ಈ ನೆಲ ಅದೇ ಮಳೆಯಲ್ಲಿ ಸಾವಿರಾರು ವರ್ಷ ನಿಂತಿದೆ. ಹೇರೆತ್ತಿನ ದಾರಿ ಕಿರಿದಾಗಿತ್ತು, ಗುಡ್ಡಕ್ಕೆ ಅದು ಬರೀ ಗೀಚು. ನಾಲ್ಕು ಸಾಲು ವಾಹನಗಳಿಗೆ ಬೇಕಾದ ಅಗಲ ಗುಡ್ಡಕ್ಕೆ ಗಾಯ. ಎಲ್ಲ ಘಾಟಿಗಳೂ ಎಲ್ಲ ಅಳತೆಯ ವಾಹನಗಳಿಗೆ ತೆರೆದಿರಬೇಕೆಂಬ ಹಟವನ್ನು ಬಿಡಬೇಕು ಎಂದು ನಾನು ನಂಬಿದ್ದೇನೆ. ಒಂದೆರಡು ಘಾಟಿಗಳು ದೊಡ್ಡ ಲಾರಿಗಳ ಭಾರ ಹೊರಲಿ, ಅವನ್ನು ಖರ್ಚು ಮಾಡಿ ಭದ್ರ ಮಾಡೋಣ. ಆಗುಂಬೆ, ಬಿಸಿಲೆ, ಮಲೆಮನೆಯಂಥವು ಕಿರಿದಾಗಿಯೇ ಇರಲಿ. ಕಿರಿದಾದ ರಸ್ತೆಯಲ್ಲಿ ಬಸ್ಸು ಓಡುತ್ತದೆ, ಆಂಬುಲೆನ್ಸ್ ಓಡುತ್ತದೆ, ಊರಿನವರ ಬದುಕು ನಡೆಯುತ್ತದೆ. ಸಿಂಗಳೀಕಕ್ಕೆ ಕೊಂಬೆಯೂ ಉಳಿಯುತ್ತದೆ.

ಚಾರ್ಮಾಡಿ ಘಾಟಿಯ ನಡುವೆ ಅಣ್ಣಪ್ಪನ ಗುಡಿ. ಇಳಿಯುವ ವಾಹನಗಳೂ ಹತ್ತುವ ವಾಹನಗಳೂ ಇಲ್ಲಿ ಒಂದು ಕ್ಷಣ ನಿಲ್ಲುತ್ತವೆ, ಒಳಗಿನವರು ಕಾಣಿಕೆ ಹಾಕಿ ಕೈಮುಗಿಯುತ್ತಾರೆ. ಪಾದಯಾತ್ರಿಗಳು ಮೆಟ್ಟಿಲ ಮೇಲೆ ಕುಳಿತು ಪಾದದ ಬೊಕ್ಕೆಗಳಿಗೆ ಎಣ್ಣೆ ಸವರಿಕೊಳ್ಳುತ್ತಿದ್ದರು. ಸೂಜಿಗೆ ದಾರ ಪೋಣಿಸಿ ಬೊಕ್ಕೆಯ ನೀರು ತೆಗೆಯುವುದು ಹೇಗೆಂದು ಒಬ್ಬರು ಇನ್ನೊಬ್ಬರಿಗೆ ತೋರಿಸುತ್ತಿದ್ದರು. ಹೊರಗೆ ಕೋತಿಗಳು ಬಿಸ್ಕತ್ತಿಗೆ ಕಾದು ಕುಳಿತಿದ್ದವು. ತಿಂಡಿ ಎಸೆಯುವ ಕೈಗಳಿಂದಾಗಿ ಅವು ಕಾಡು ಬಿಟ್ಟು ರಸ್ತೆಗೆ ಬಂದು ಗಾಲಿಗೆ ಸಿಕ್ಕುತ್ತವೆ. ಮೊಮ್ಮಗ ಬಿಸ್ಕತ್ತು ಎಸೆಯಲು ಕೈ ಎತ್ತಿದಾಗ ಅಜ್ಜಿ ಸುಮ್ಮನೆ ಆ ಕೈ ಇಳಿಸಿದರು.

ಗುಡಿಯಿಂದ ಕೆಳಗೆ ಗಾಳಿ ಬದಲಾಗುತ್ತದೆ. ಬೆಚ್ಚಗೆ, ಸ್ವಲ್ಪ ಅಂಟಂಟು. ಕಾಫಿ ಗಿಡದ ವಾಸನೆ ಹಿಂದುಳಿದು ಗೇರುಹೂವಿನ ವಾಸನೆ ಬರುತ್ತದೆ. ಅಂಗಡಿಗಳಲ್ಲಿ ತುಳು ಕೇಳಿಸುತ್ತದೆ, ಕಾಫಿ ಕೇಳುತ್ತಿದ್ದವರು ಚಾ ಕೇಳಲು ಶುರುಮಾಡುತ್ತಾರೆ. ಬದಿಯಲ್ಲಿ ಸಣ್ಣದಾಗಿ ಸದ್ದು ಮಾಡುತ್ತಿದ್ದ ನೀರು ಈಗ ಹೊಳೆಯಾಗಿದೆ, ಹೆಸರು ಮೃತ್ಯುಂಜಯ. ನಾವು ಬೆಳಗ್ಗೆ ಬಿಟ್ಟುಬಂದ ನಾಡಿನ ನೀರು, ಜಾವಳಿಯಲ್ಲಿ ಹುಟ್ಟುವ ಹೇಮಾವತಿ, ಆ ಹೊತ್ತಿಗೆ ಕಾವೇರಿಯ ಕಡೆಗೆ ಹೊರಟಿತ್ತು.

ಉಜಿರೆ ದಾಟಿ ಧರ್ಮಸ್ಥಳದ ರಸ್ತೆಗೆ ಹೊರಳಿದಾಗ ಸಂಜೆ. ನೇತ್ರಾವತಿಯ ದಡದಲ್ಲಿ ಕಲ್ಲಿನ ಮೆಟ್ಟಿಲುಗಳು, ಅವುಗಳ ಹೆಸರು ಸ್ನಾನಘಟ್ಟ. ನದಿಗಿಳಿಯುವ ಮೆಟ್ಟಿಲಿಗೂ ನಾಡನ್ನು ಎರಡು ಮಾಡಿದ ಬೆಟ್ಟಕ್ಕೂ ನಮ್ಮವರು ಇಟ್ಟದ್ದು ಒಂದೇ ಹೆಸರು. ಮೇಲುಗಡೆ ಪಜಿರಡ್ಕದಲ್ಲಿ ಮೃತ್ಯುಂಜಯ ಹೊಳೆ ನೇತ್ರಾವತಿಗೆ ಕೂಡಿಕೊಂಡಿರುತ್ತದೆ, ಹಾಗಾಗಿ ಇಲ್ಲಿ ಹರಿಯುವ ನೀರಿನಲ್ಲಿ ಬೆಳಗಿನಿಂದ ನಮ್ಮ ಪಕ್ಕದಲ್ಲೇ ಇಳಿದು ಬಂದ ಪಾಲೂ ಇದೆ. ಅಜ್ಜಿ ಸೀರೆಯ ನೆರಿಗೆ ಎತ್ತಿ ಹಿಡಿದು, ಮೊಮ್ಮಗನ ಹೆಗಲು ಬಿಡದೆ, ಒಂದೊಂದೇ ಮೆಟ್ಟಿಲು ಇಳಿದರು. ಮೂರನೆಯದಕ್ಕೆ ನೀರು ಕಣಕಾಲು ಮುಟ್ಟಿತು. ಅಲ್ಲೇ ನಿಂತರು.